ಕೊಕ್ಕಣ್ಣನ ಕೊನೆಯ ಭಾಷಣ

ಮೊದಲು ಒಂದು ಚಪ್ಪಾಳೆ ಹೊಡೆದುಬಿಡಿ, ಕಾರಣ ಆಮೇಲೆ ಹೇಳುತ್ತೇನೆ. ಚಕ್ರ ಮುರಿದ ಕುರ್ಚಿಯಲ್ಲಿ ಕೂತು, ಮುಚ್ಚಳ ಕಳೆದುಹೋದ ಪೆನ್ನಿನಲ್ಲಿ ಒಂದಿಡೀ ಗ್ರಹದ ರಾಜಕೀಯವನ್ನು ಉಲ್ಟಾ ಹೊಡೆಸಿದವನು ನಾನು. ಒಬ್ಬ ಪ್ರಧಾನಿಯನ್ನು ಹೀರೋ ಮಾಡಿದ್ದೇನೆ, ಜೈಲಿಗೆ ಕಳಿಸಿದ್ದೇನೆ, ಜೈಲಿನಲ್ಲಿ ಕೂತೇ ಜನರ ಕೈಯಲ್ಲಿ ಶಿಳ್ಳೆ ಹೊಡೆಸಿಕೊಳ್ಳುವ ಹಾಗೆ ಮಾಡಿದ್ದೇನೆ. ಕಳೆದ ವರ್ಷ ಟಿ.ವಿ. ಮುಂದೆ ಕೂತು ಯಾವ ಭಾಷಣ ಕೇಳಿ ನೀವು ಮೂಗು ಒರೆಸಿಕೊಂಡಿರೋ, ಅದನ್ನು ಬರೆದವನೂ ನಾನೇ. ನಂಬಿಕೆ ಇಲ್ಲದಿದ್ದರೆ ನಮ್ಮ ಸ್ಟುಡಿಯೋದ ಬೀರು ತೆಗೆಸಿ ನೋಡಿ, ಕಾಗದದಲ್ಲಿರುವುದು ನನ್ನದೇ ಅಕ್ಷರ.

ಸ್ಟುಡಿಯೋದಲ್ಲಿ ನನ್ನನ್ನು ಡೈಲಾಗು ಎಂದು ಕರೆಯುತ್ತಾರೆ. ಫ್ಯಾನ್ ಹಾಕಿ ಅನ್ನುವುದಕ್ಕೂ ನಾನು ಎರಡು ಹೆಜ್ಜೆ ಹಿಂದೆ ಹೋಗಿ, ತಿರುಗಿ, ಕಣ್ಣು ಸಣ್ಣ ಮಾಡಿ, "ಗಾಳಿ ಕೇಳೋನು ನಾನಲ್ಲ, ಗಾಳಿನೇ ನನ್ನ ಕೇಳ್ಕೊಂಡು ಬರ್ಬೇಕು" ಅನ್ನುವ ಜಾತಿ. ಕೆಲಸ ಡಬ್ಬಿಂಗ್. ಹೊರದೇಶದ ಧಾರಾವಾಹಿಗಳು ಬರುತ್ತವೆ, ಜೊತೆಗೆ ಮಾತುಗಳ ಕಾಗದ ಬರುತ್ತದೆ, ನಾನು ಅದನ್ನು ನಮ್ಮ ಭಾಷೆಗೆ ಬರೆಯುತ್ತೇನೆ, ಕಲಾವಿದರು ಮೈಕಿನ ಮುಂದೆ ನಿಂತು ಹೇಳುತ್ತಾರೆ. ಆ ಹೊರಗಿನ ಭಾಷೆ ಇಡೀ ಸ್ಟುಡಿಯೋದಲ್ಲಿ ಬರುತ್ತಿದ್ದದ್ದು ನನಗೊಬ್ಬನಿಗೆ. ಈ ಮಾತನ್ನು ತಲೆಯಲ್ಲಿಟ್ಟುಕೊಳ್ಳಿ, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಕಥೆ ಇದು.

ಹನ್ನೊಂದು ವರ್ಷ ಓಡಿದ ಆ ಧಾರಾವಾಹಿಯ ನಾಯಕ ಭೂಮಿಯವನಲ್ಲ. ಅವನಿಗೊಂದು ಉದ್ದದ ಹೆಸರಿತ್ತು, ಹೇಳಲು ಹೋದರೆ ಕೆಮ್ಮು ಬರುತ್ತಿತ್ತು. ಹಾಗಾಗಿ ನಾವು ಅವನನ್ನು ಕೊಕ್ಕಣ್ಣ ಎಂದೆವು. ಬೂದಿ ಬಣ್ಣದ ಮೈ, ನಾಲ್ಕು ಬೆರಳು, ಮುಖದ ಮಧ್ಯೆ ಗಟ್ಟಿಯಾದ ಒಂದು ಕೊಕ್ಕು. ಅವನ ಜನ ಮಾತಾಡುವಾಗ ಕೊಕ್ಕು ಅಲ್ಲಾಡುವುದಿಲ್ಲ. ಗಂಟಲ ಕೆಳಗೆ ಜೋತುಬಿದ್ದ ಒಂದು ಚೀಲ ಉಬ್ಬುತ್ತದೆ. ಉಬ್ಬಿದರೆ ಮಾತು, ಇಳಿದರೆ ಮೌನ. ಮನುಷ್ಯರ ಸೀರಿಯಲ್ಲಾದರೆ ತುಟಿಗೆ ತಕ್ಕ ಪದ ಹುಡುಕಿ ಹುಡುಕಿ ತಲೆಕೂದಲು ಉದುರುತ್ತದೆ. ಕೊಕ್ಕಣ್ಣನಿಗೆ ಉಸಿರು ಲೆಕ್ಕ ಹಾಕಿದರೆ ಸಾಕು. ಚೀಲ ಎಷ್ಟು ಸಲ ಉಬ್ಬುತ್ತದೋ ಅಷ್ಟು ಸಾಲು. ಸಾಲಿನೊಳಗೆ ಏನು ತುಂಬಿದರೂ ಕೇಳುವವರಿಲ್ಲ.

ಅವನ ಜೀವನ ಚರಿತ್ರೆ ನನಗೆ ಬಾಯಿಪಾಠ. ಉಪ್ಪಿನ ಗಣಿಯ ತಳದಲ್ಲಿ ಏಳು ಮೊಟ್ಟೆಗಳ ಪೈಕಿ ಕೊನೆಗೆ ಒಡೆದದ್ದು ಅವನದು. ಅಣ್ಣಂದಿರೆಲ್ಲ ಗಣಿಗೆ ಇಳಿದರೆ ಇವನು ಗಣಿಯ ಬಾಯಲ್ಲಿ ನೀರು ಅಳೆದು ಕೊಡುವ ಗುಮಾಸ್ತನಾದ. ಮೇಲಧಿಕಾರಿ ಅಳತೆಯ ಚೊಂಬನ್ನು ಒಂದು ಬೆರಳು ಸಣ್ಣದು ಮಾಡಿಸಿದಾಗ ಆ ಚೊಂಬನ್ನು ಹಿಡಿದುಕೊಂಡು ನಗರಸಭೆಯ ಮುಂದೆ ಮೂರು ದಿನ ನಿಂತ. ಅಲ್ಲಿಂದ ಶುರು ಅವನ ರಾಜಕೀಯ. ವಾರ್ಡಿನ ಸದಸ್ಯನಾದ, ಮೊದಲ ಭಾಷಣದಲ್ಲಿ ಚೀಲ ಹೆದರಿ ಉಬ್ಬಲೇ ಇಲ್ಲ, ಸಭೆಯೆಲ್ಲ ನಕ್ಕಿತು. ಒಂದು ಸಲ ಸೋತ, ಇನ್ನೊಂದು ಸಲವೂ ಸೋತ, ಮೂರನೇ ಸಲ ಒಂದೇ ಒಂದು ಮತದಿಂದ ಗೆದ್ದ. ಆ ಮತ ಅವನ ಜೊತೆ ಮಾತು ಬಿಟ್ಟಿದ್ದ ಹೆಂಡತಿಯದು. ಆಮೇಲೆ ಉಬ್ಬರವಿಳಿತದ ಮಂತ್ರಿಯಾದ. ಅವರ ಗ್ರಹಕ್ಕೆ ಎರಡು ಚಂದ್ರ, ಚಂದ್ರ ಎಳೆದಂತೆ ಸಮುದ್ರ ಬರುತ್ತದೆ, ಸಮುದ್ರ ಬಂದರೆ ಉಪ್ಪು, ಉಪ್ಪು ಇದ್ದರೆ ಬದುಕು. ಧಾರಾವಾಹಿಯ ಎಂಟನೇ ವರ್ಷ ಪ್ರಧಾನಿಯಾದ.

ಅವನಿಗೆ ದನಿ ಕೊಟ್ಟವರು ನನ್ನ ಸೋದರಮಾವ.

ಮಾವ ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಗುಂಪಿನಲ್ಲಿ ಗೋವಿಂದ ಆಗಿದ್ದವರು. ಜನರ ಗದ್ದಲ, ಕರಡಿಯ ಗುರುಗುರು, ಜಾಹೀರಾತಿನಲ್ಲಿ ಮಾತಾಡುವ ಫ್ರಿಜ್ಜು. ಕೊಕ್ಕಣ್ಣ ಬಂದಮೇಲೆ ಅವರಿಗೊಂದು ಮುಖ ಸಿಕ್ಕಿತು, ಅದರಲ್ಲಿ ಕೊಕ್ಕಿದ್ದರೇನಂತೆ. ಮೈಕಿನ ಮುಂದೆ ಹೋಗುವ ಮೊದಲು ಚಪ್ಪಲಿ ಬಿಡುತ್ತಿದ್ದರು, ವಾಚು ಬಿಚ್ಚಿ ಕಾಗದದ ಮೇಲಿಡುತ್ತಿದ್ದರು. ಇನ್ನೊಂದು ಹಟವಿತ್ತು. ಬೇರೆ ಕಲಾವಿದರು ಮೂಲ ನಟನ ದನಿಯನ್ನು ಕಿವಿಯಲ್ಲಿ ಕೇಳಿಸಿಕೊಳ್ಳುತ್ತ ತಮ್ಮ ಮಾತು ಹೇಳುತ್ತಾರೆ. ಮಾವ ಅದನ್ನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಿದವರಲ್ಲ. ಇನ್ನೊಬ್ಬನ ಗಂಟಲು ಕಿವಿಗೆ ಬಿದ್ದರೆ ತನ್ನದು ಅದರ ಬಾಲ ಹಿಡಿದು ಹೋಗುತ್ತದೆ ಅನ್ನುತ್ತಿದ್ದರು. ಅವರಿಗೆ ಚಿತ್ರ ಬೇಕು, ಚೀಲ ಬೇಕು, ನನ್ನ ಕಾಗದ ಬೇಕು. ಅಷ್ಟೆ.

ಮೊದಲು ಬರೆಯುತ್ತಿದ್ದವರು ಬಿಟ್ಟುಹೋದಮೇಲೆ ನಾನು ಸೇರಿದ್ದು, ಏಳನೇ ವರ್ಷ. ಶುರುವಿನಲ್ಲಿ ಸಣ್ಣಪುಟ್ಟ ತರಲೆ ಮಾಡುತ್ತಿದ್ದೆ. ಶತ್ರುಗ್ರಹದ ರಾಯಭಾರಿ ಹೊರಡಿಸಿದ ಯುದ್ಧದ ಎಚ್ಚರಿಕೆಯಲ್ಲಿ ನಮ್ಮ ಮನೆ ಮಾಲೀಕರು ಮೆಟ್ಟಿಲ ಮೇಲೆ ಅಂಟಿಸಿದ್ದ ನೋಟೀಸನ್ನು ಪೂರ್ತಿ ಸೇರಿಸಿದ್ದೆ. ಒಗೆದ ಬಟ್ಟೆಯನ್ನು ಕಂಬಿಯ ಮೇಲೆ ಹಾಕಿದರೆ ಕಠಿಣ ಕ್ರಮ ಅನ್ನುವುದನ್ನು ಕೊಕ್ಕಿನ ರಾಯಭಾರಿ ಗಂಭೀರವಾಗಿ ಹೇಳಿದ. ಮಾಲೀಕರು ಆ ಕಂತನ್ನು ನೋಡಿ, ಆ ಗ್ರಹದಲ್ಲಿ ಶಿಸ್ತು ಇದೆ ಎಂದು ಅಮ್ಮನ ಹತ್ತಿರ ಹೊಗಳಿದರು.

ಒಂಬತ್ತನೇ ವರ್ಷ ಆ ಬಾಗಿಲಿನ ದೃಶ್ಯ ಬಂತು. ಶತ್ರುಗ್ರಹದವರು ಒಪ್ಪಂದ ತಂದಿದ್ದಾರೆ: ಎರಡೂ ಚಂದ್ರರನ್ನು ಬಿಟ್ಟುಕೊಡು, ನಿನ್ನ ಕುರ್ಚಿ ನಿನಗಿರುತ್ತದೆ. ಕೊಕ್ಕಣ್ಣ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ, ಒಳಗೇನಾಯಿತೆಂದು ತೋರಿಸುವುದಿಲ್ಲ. ಹೊರಗೆ ಬರುತ್ತಾನೆ, ಮಗಳು ಎದುರು ನಿಂತು ನೋಡುತ್ತಾಳೆ, ಚೀಲ ಒಂದೇ ಒಂದು ಸಲ ಉಬ್ಬುತ್ತದೆ. ಮೂಲ ಕಾಗದದಲ್ಲಿದ್ದ ಮಾತು, "ಹಾಕಿದೆ." ಅಂದರೆ ಸಹಿ ಹಾಕಿದೆ.

ನನಗೆ ಮೈಯೆಲ್ಲ ಉರಿಯಿತು. ಎರಡೂವರೆ ಗಂಟೆಯ ಸಿನಿಮಾದಲ್ಲಿ ಹೀರೋ ಏಟು ತಿನ್ನಬಹುದು, ಬಿದ್ದು ಹೊರಳಾಡಬಹುದು, ಸಹಿ ಹಾಕುವುದುಂಟಾ? ನಾನು ಬರೆದೆ, "ಹಾಕಲಿಲ್ಲ." ಒಂದೇ ಉಸಿರಿಗೆ ಹೇಳಿ ಮಾಡಿಸಿದಂತೆ ಕೂತಿತು. ಮಾವ ಅದನ್ನು ಎಷ್ಟು ತಣ್ಣಗೆ, ಎಷ್ಟು ನೇರವಾಗಿ ಹೇಳಿದರೆಂದರೆ, ಕಂತು ಬಂದ ಮಾರನೇ ದಿನ ಕ್ಷೌರದಂಗಡಿಯವನು ನನ್ನ ಕೆನ್ನೆಗೆ ಕತ್ತಿ ಇಟ್ಟುಕೊಂಡೇ "ಹಾಕಲಿಲ್ಲ" ಎಂದು ಮೂರು ಸಲ ಹೇಳಿ ತೋರಿಸಿದ. ನಾನು ಅಲ್ಲಾಡದೆ ಕೂತು ಹೆಮ್ಮೆಪಟ್ಟೆ.

ಒಂದು ವಾರದಲ್ಲಿ ಸರಿಮಾಡಬಹುದು ಅಂದುಕೊಂಡಿದ್ದೆ. ಎರಡು ವರ್ಷ ಹಿಡಿಯಿತು, ಸರಿಯಾಗಲಿಲ್ಲ. ಮುಂದಿನ ಕಂತಿನಲ್ಲೇ ಚಂದ್ರರು ಹೊರಟುಹೋದರು. ಸಹಿ ಹಾಕದಿದ್ದರೆ ಯಾಕೆ ಹೋದರು? ಶತ್ರುಗಳು ಕದ್ದರು ಎಂದು ಬರೆದೆ. ಸಮುದ್ರ ಬತ್ತಿತು, ಗಣಿಯವರು ಕೊಕ್ಕಣ್ಣನ ಮನೆಗೆ ಉಪ್ಪಿನ ಹೆಂಟೆ ಎಸೆದರು. ಅವರು ವಿರೋಧ ಪಕ್ಷದ ಬಾಡಿಗೆ ಜನ ಎಂದು ಬರೆದೆ. ದೇಶದ್ರೋಹದ ಕೇಸು ಬಿದ್ದು ಜೈಲಾಯಿತು, ಸುಳ್ಳು ಕೇಸು ಎಂದು ಬರೆದೆ. ಹೆಂಡತಿ ಮತ್ತೆ ಮಾತು ಬಿಟ್ಟಳು, ಅವಳಿಗೆ ಗಂಟಲುನೋವು ಎಂದು ಬರೆದೆ. ಹರಿದ ಚಡ್ಡಿಗೆ ತೇಪೆ, ತೇಪೆಗೆ ಇನ್ನೊಂದು ತೇಪೆ. ಪ್ರತಿ ಸೋಮವಾರ ಹೊಸ ಕಾಗದ ಬಂದಾಗ ಮೂಲದ ಬರಹಗಾರರು ಬೇಕಂತಲೇ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಹೊರಗೆ ಮಾತ್ರ ಜನ ಕುಣಿಯುತ್ತಿದ್ದರು. ಕೊಕ್ಕಣ್ಣ ಜೈಲಿನಿಂದ ಯಾವಾಗ ಬರ್ತಾನೆ ಎಂದು ಮಾವನನ್ನು ಬಸ್ಸಿನಲ್ಲಿ ಕೇಳುತ್ತಿದ್ದರು. ಮಾವ ಎದೆ ಉಬ್ಬಿಸಿ, ನಮ್ಮೋನು ಬಗ್ಗೋನಲ್ಲ ಬಿಡಿ ಅನ್ನುತ್ತಿದ್ದರು. ಆ ಮಾತು ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಹನ್ನೊಂದನೇ ವರ್ಷದ ಕೊನೆಗೆ ಮಾವನ ದನಿಯಲ್ಲಿ ಒಂದು ಬಿರುಕು ಕಾಣಿಸಿತು. ದನಿಪೆಟ್ಟಿಗೆಯ ಮೇಲೆ ಗಂಟು. ಶುಕ್ರವಾರ ಆಪರೇಷನ್ ಎಂದು ಡಾಕ್ಟರ್ ದಿನ ಇಟ್ಟರು. ಆಮೇಲೆ ದನಿ ಬರುತ್ತದೆ, ಆದರೆ ಯಾವ ದನಿ ಬರುತ್ತದೆ ಎಂದು ಹೇಳಲಾಗದು ಅಂದರು. ಅದೇ ವಾರ ಸೋಮವಾರ ಕೊನೆಯ ಕಂತು ಬಂತು. ಗುರುವಾರ ರೆಕಾರ್ಡಿಂಗ್. ಮಾವ ಮನೆಗೆ ಬಂದು ಅಮ್ಮನ ಮುಂದೆ ಕೂತು, ಇನ್ನೇನೂ ಬೇಡ ಅಕ್ಕ, ಆ ಕೊನೆಯ ಭಾಷಣ ನನ್ನ ಈ ಗಂಟಲಲ್ಲೇ ಮುಗಿದ್ರೆ ಸಾಕು ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯ, ಚೆನ್ನಾಗಿ ಬರೀ. ನಾಳಿದ್ದು ಇನ್ನೊಂದು ಸಲ ಬರೀತೀನಿ ಅನ್ನೋಕಾಗಲ್ಲ."

ನಾನು ಕಾಲರ್ ಎತ್ತಿ, "ನಾನು ಬರೆದ್ರೆ ಪೆನ್ನು ಅಳ್ಬೇಕು, ನೀವು ಓದಿದ್ರೆ ಮೈಕು ಅಳ್ಬೇಕು" ಅಂದೆ. ಒಳಗೆ ಹೋಗಿ ಮೂಲ ಕಾಗದ ಬಿಚ್ಚಿದೆ. ಓದಿ ಮುಗಿಸಿ ಬಾಗಿಲ ಚಿಲಕ ಹಾಕಿಕೊಂಡೆ.

ನಾಲ್ಕು ನಿಮಿಷದ ಭಾಷಣ. ಮೂವತ್ತೊಂದು ಉಸಿರು. ಜೈಲಿನಿಂದ ಕರೆತಂದ ಕೊಕ್ಕಣ್ಣ ತುಂಬಿದ ಸಭೆಯ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳುತ್ತಾನೆ. ಕುರ್ಚಿ ಬಿಡಲಾಗದೆ ಚಂದ್ರರನ್ನು ಕೊಟ್ಟೆ ಅನ್ನುತ್ತಾನೆ. ಅವನು ಮಾತಾಡುತ್ತಿದ್ದಂತೆ ಸಭೆಯವರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸುತ್ತಾರೆ. ಕೊನೆಗೆ ಮಗಳು ಅವನ ಕೈ ಬಿಟ್ಟು ಹೋಗುತ್ತಾಳೆ. ನನ್ನ ಕೊಕ್ಕಣ್ಣ ಸಹಿಯನ್ನೇ ಹಾಕಿಲ್ಲ. ಅವನು ಯಾವ ತಪ್ಪು ಒಪ್ಪಿಕೊಳ್ಳಬೇಕು? ಅವಳು ಯಾವ ಕರ್ಮಕ್ಕೆ ಕೈ ಬಿಡಬೇಕು?

ಮಂಗಳವಾರ ಐದು ಸಲ ಬರೆದೆ. ಹುಟ್ಟಿದ ನೆಲ, ಹರಿದ ನೆತ್ತರು, ಬಗ್ಗದ ತಲೆ, ಗೊತ್ತಿದ್ದ ಸಾಮಾನನ್ನೆಲ್ಲ ಸುರಿದೆ. ಮೂರನೇ ಸಲದ್ದನ್ನು ಕನ್ನಡಿಯ ಮುಂದೆ ಓದಿದಾಗ ನನಗೇ ರೋಮಾಂಚನವಾಯಿತು. ಸ್ಟುಡಿಯೋದಲ್ಲಿ ಚಿತ್ರದ ಜೊತೆ ಓದಿಸಿದೆವು. ಒಂಬತ್ತನೇ ಉಸಿರಿಗೇ ಮಾವ ನಿಲ್ಲಿಸಿದರು.

"ಇವ್ರೆಲ್ಲ ಯಾಕೋ ಬೆನ್ನು ತಿರುಗಿಸ್ತಿದ್ದಾರೆ?"

ಅದು ಅವರ ಗ್ರಹದಲ್ಲಿ ಗೌರವ ಸೂಚಿಸುವ ರೀತಿ ಎಂದೆ. ಗಾಜಿನ ಈಚೆ ಕೂತಿದ್ದ ಸೌಂಡಕ್ಕ, ಅಂದರೆ ನಮ್ಮ ಶಬ್ದಗ್ರಹಣದ ಮೇಡಂ, ಗುಂಡಿಗಳ ಮೇಲಿನಿಂದ ತಲೆ ಎತ್ತಲಿಲ್ಲ.

"ನಾಲ್ಕನೇ ವರ್ಷ ಆ ಕಳ್ಳ ಸೇನಾಪತಿಗೂ ಹಿಂಗೇ ಬೆನ್ನು ತೋರ್ಸಿದ್ರಲ್ಲ. ಅವನಿಗೂ ಗೌರವನಾ?"

ಅವರಿಗೆ ಎಲ್ಲ ನೆನಪಿರುತ್ತದೆ, ಅದೊಂದು ರೋಗ. ಆಮೇಲಿನ ಪ್ರತಿಯಲ್ಲಿ ಜನ ಅಳುವುದನ್ನು ತೋರಿಸಲು ನಾಚಿ ತಿರುಗುತ್ತಾರೆ ಎಂದು ಬರೆದೆ. ಅಳುವವರ ಭುಜ ಅಲ್ಲಾಡಬೇಕಲ್ಲ ಎಂದು ಮಾವ ಕೇಳಿದರು. ಸ್ಕ್ರೀನಿನ ಮೇಲೆ ಒಂದು ಭುಜವೂ ಅಲ್ಲಾಡುತ್ತಿರಲಿಲ್ಲ. ಗೋಡೆಗಳ ಹಾಗೆ ನಿಂತಿದ್ದರು ನನ್ನಪ್ಪಂದಿರು. ಬುಧವಾರ ಹೊತ್ತಿಗೆ ಹನ್ನೊಂದು ಪ್ರತಿ ಆಗಿತ್ತು. ನಮ್ಮ ಮೇಲ್ವಿಚಾರಕರು ಮಣಿಕಟ್ಟು ನೋಡದೆ ಒಂದು ವಾಕ್ಯ ಮುಗಿಸಿದವರಲ್ಲ, ಅದಕ್ಕೇ ಅವರು ಗಡಿಯಾರ. ಅವರು ಬಾಗಿಲಲ್ಲಿ ತಲೆ ಹಾಕಿ ಹಾಕಿ, ಒಂದು ಕೊಕ್ಕಿಗೆ ಇಷ್ಟು ದಿನ ಬೇಕಾ ಎಂದು ಕೇಳಿ ಹೋಗುತ್ತಿದ್ದರು. ನಾನು ಪೆನ್ನು ಗೋಡೆಗೆ ಎಸೆದೆ. ಅದು ವಾಪಸ್ ಬಂದು ನನ್ನ ಕಾಲಿಗೇ ಬಿತ್ತು. ನನ್ನ ಪೆನ್ನಿಗೂ ನನ್ನ ಮೇಲೆ ಮರ್ಯಾದೆ ಇರಲಿಲ್ಲ.

ಮಾವ ಮಾತ್ರ ಸಿಟ್ಟಾಗಲಿಲ್ಲ. ಮಫ್ಲರನ್ನು ಸರಿಮಾಡಿಕೊಂಡು ಹೇಳಿದರು, "ಮಾತು ಚೆನ್ನಾಗಿದೆ ಅಳಿಯ. ಉಸಿರಿಗೆ ಕೂರ್ತಿಲ್ಲ. ಒಂದೊಂದು ಮಾತಿಗೂ ಇವನು ಇಷ್ಟೊತ್ತು ನಿಲ್ತಾನಲ್ಲ, ಹೆಮ್ಮೆಪಡೋನು ಹಿಂಗೆ ನಿಲ್ಲಲ್ಲ."

ಬೆಳಗಿನಿಂದ ಅದೇ ಸಾಲುಗಳನ್ನು ಹೇಳಿ ಹೇಳಿ ಅವರ ದನಿ ಅಂಚಿನಲ್ಲಿ ಹರಿಯತೊಡಗಿತ್ತು. ಪ್ರತಿ ಸಲ ಅವರು ಕೆಮ್ಮಿದಾಗ ಆ ಗಂಟನ್ನು ನಾನೇ ಕೈಯಾರೆ ದೊಡ್ಡದು ಮಾಡುತ್ತಿದ್ದೇನೆ ಅನ್ನಿಸಿತು. ಹೇಳಿಬಿಡಲಾ ಅನ್ನಿಸಿದ್ದೂ ಆಗಲೇ. ಹೇಳಲಿಲ್ಲ. ಗಂಟಲಿಗೆ ಚಪ್ಪರಿಸುವ ಗುಳಿಗೆ ತರುತ್ತೇನೆಂದು ಹೊರಗೆ ಹೋಗಿ, ಔಷಧಿ ಅಂಗಡಿಯ ಮುಂದೆ ಒಂದು ಗಂಟೆ ನಿಂತಿದ್ದೆ.

ವಾಪಸ್ ಬಂದಾಗ ಮಾವ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಗುಳಿಗೆ ತೆಗೆದುಕೊಂಡು, ನಂಗೆ ಏನಾದ್ರೂ ಹೇಳೋದಿದ್ಯೇನೋ ಎಂದು ಕೇಳಿದರು. ಆಪರೇಷನ್ನಿನ ಭಯ ಇರಬೇಕು, ಧೈರ್ಯದ ಮಾತು ಕೇಳುತ್ತಿದ್ದಾರೆ ಎಂದುಕೊಂಡು, ನಿಮ್ಮ ಗಂಟಲಿಗೆ ಕೈಹಾಕೋಕೆ ಆ ಡಾಕ್ಟರಿಗೆ ಎದೆ ಇರಬೇಕು ಅಂದೆ. ಬಸ್ಸಿನಿಂದ ಇಳಿಯುವಾಗ ಇನ್ನೊಂದು ಸಲ ಅದನ್ನೇ ಕೇಳಿದರು. ಅದಕ್ಕೂ ನನ್ನ ಹತ್ತಿರ ಒಂದು ಡೈಲಾಗಿತ್ತು. ಗುರುವಾರ ಬೆಳಿಗ್ಗೆ ಮೈಕಿನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಮೂರನೇ ಸಲ ಕೇಳಿದರು.

"ಏನೂ ಹೇಳೋದಿಲ್ವಾ ಅಳಿಯ?"

"ಹೇಳೋದೆಲ್ಲ ಪೇಪರ್‌ನಲ್ಲಿದೆ ಮಾವ" ಅಂದು ಹನ್ನೆರಡನೇ ಪ್ರತಿಯನ್ನು ಕೈಗೆ ಕೊಟ್ಟೆ.

ಇನ್ನು ಮುಂದಿನದನ್ನು ನಾನು ಹೋದಲ್ಲೆಲ್ಲ ಒಂದು ಥರ ಹೇಳಿಕೊಂಡು ಬಂದಿದ್ದೇನೆ. ಸ್ನಾನ ಮಾಡುವಾಗ ತಲೆಯಲ್ಲಿ ಮಿಂಚು ಹೊಡೆಯಿತು, ಒದ್ದೆ ಕೈಯಲ್ಲೇ ಬರೆದೆ, ಎರಡು ವರ್ಷದಿಂದ ಇದೇ ನನ್ನ ಯೋಜನೆಯಾಗಿತ್ತು, ಇತ್ಯಾದಿ. ನಿಮಗೂ ಅದನ್ನೇ ಹೇಳಬೇಕೆಂದು ಶುರುಮಾಡಿದ್ದೆ. ಇಲ್ಲಿಯವರೆಗೆ ಬರೆದಮೇಲೆ ಕೈ ಓಡುತ್ತಿಲ್ಲ.

ನಡೆದದ್ದು ಇದು. ನಾನು ಔಷಧಿ ಅಂಗಡಿಯ ಮುಂದೆ ನಿಂತಿದ್ದ ಆ ಒಂದು ಗಂಟೆಯಲ್ಲಿ ಮಾವ ಸೌಂಡಕ್ಕನ ಹತ್ತಿರ ಹೋಗಿ, ಮೂಲದ ದನಿ ಒಂದು ಸಲ ಹಾಕಮ್ಮ ಅಂದಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಸೌಂಡಕ್ಕ ಆಮೇಲೆ ಹೇಳಿದ್ದು: ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಆ ನಾಲ್ಕು ನಿಮಿಷವನ್ನು ಮೂರು ಸಲ ಕೇಳಿದರಂತೆ. ಒಂದು ಪದವೂ ಅರ್ಥವಾಗುವ ಭಾಷೆಯಲ್ಲ. ಮೂರನೇ ಸಲ ಮುಗಿದಮೇಲೆ, ಇವನು ತಪ್ಪು ಒಪ್ಕೊಳ್ತಿದ್ದಾನೆ ಕಣಮ್ಮ ಅಂದರಂತೆ. ಆಮೇಲೆ ಒಂಬತ್ತನೇ ವರ್ಷದ ಬಾಗಿಲಿನ ದೃಶ್ಯ ಹಾಕಲು ಹೇಳಿದರಂತೆ. ಅಲ್ಲಿರುವುದು ಒಂದೇ ಉಸಿರು. ಅದನ್ನು ಒಂದೇ ಸಲ ಕೇಳಿ ಹೆಡ್‌ಫೋನ್ ತೆಗೆದು, ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಹಳ ಹೊತ್ತು ಕೂತಿದ್ದರಂತೆ. ಮನುಷ್ಯ ಸೋತು ಹೇಳುವ ಹೌದು ಯಾವ ಭಾಷೆಯಲ್ಲಿದ್ದರೂ ಅವರಿಗೆ ಗೊತ್ತಾಗುತ್ತದೆ. ಅವರ ಕಸುಬೇ ಅದು. ಗೊತ್ತಾದಮೇಲೆ ಮೂರು ಸಲ ನನ್ನ ಬಾಯಿಂದ ಬರಲಿ ಎಂದು ಕಾದರು.

ಗುರುವಾರ ಮಾವ ನನ್ನ ಹನ್ನೆರಡನೇ ಪ್ರತಿಯನ್ನು ಮೇಜಿನ ಮೇಲೆ ಮಗುಚಿಟ್ಟು, ಅದರ ಮೇಲೆ ವಾಚು ಇಟ್ಟರು. ಕೆಂಪು ದೀಪ ಹತ್ತಿತು. ಸ್ಕ್ರೀನಿನ ಮೇಲೆ ಚೀಲ ಉಬ್ಬಿತು. ಮಾವ ಸ್ಕ್ರೀನ್ ನೋಡಲಿಲ್ಲ. ಗಾಜಿನ ಈಚೆ ನಿಂತಿದ್ದ ನನ್ನನ್ನು ನೋಡಿದರು.

"ನಾನು ಸಹಿ ಹಾಕಿದ್ದೆ."

ಚೀಲ ಇಳಿಯಿತು. ಇಷ್ಟು ದಿನ ನಮ್ಮನ್ನು ಸತಾಯಿಸಿದ್ದ ಆ ಉದ್ದದ ಮೌನ ಬಂತು. ಅದರ ಜಾಗದಲ್ಲಿ ಅದು ಸರಿಯಾಗಿ ಕೂತಿತು.

"ಎರಡು ವರ್ಷ ಹಾಕಲಿಲ್ಲ ಅಂತ ಹೇಳ್ಕೊಂಡು ತಿರುಗಿದೆ. ನೀವು ಚಪ್ಪಾಳೆ ಹೊಡೆದ್ರಿ. ಚಪ್ಪಾಳೆ ಚೆನ್ನಾಗಿತ್ತು. ಅದಕ್ಕೇ ನಿಜ ಹೇಳೋಕೆ ಮನಸ್ಸಾಗ್ಲಿಲ್ಲ."

ಸಭೆಯವರು ತಿರುಗತೊಡಗಿದರು. ಈಗ ಅವರು ಯಾಕೆ ತಿರುಗುತ್ತಿದ್ದಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಗಣಿಯ ಬಾಯಿ, ಚೊಂಬು, ಒಂದು ಮತ ಕೊಟ್ಟ ಹೆಂಡತಿ, ಬತ್ತಿದ ಸಮುದ್ರ, ಎಲ್ಲವನ್ನೂ ಹೇಳಿದರು. ಒಂದು ಮಾತೂ ಮೊದಲೇ ಬರೆದಿಟ್ಟದ್ದಲ್ಲ. ಮೂವತ್ತನೇ ಉಸಿರಿಗೆ ದನಿ ಹರಿಯಿತು. ಸೌಂಡಕ್ಕನ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಕೊನೆಯದನ್ನು ಹೆಚ್ಚುಕಮ್ಮಿ ಗಾಳಿಯಲ್ಲೇ ಹೇಳಿದರು.

"ನನ್ನ ಬಾಯಿ ಅಲ್ಲಾಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಧೈರ್ಯ ಬಂತು."

ಮಗಳು ಕೈಬಿಟ್ಟಳು. ಗಡಿಯಾರ ಬಾಗಿಲಲ್ಲೇ ನಿಂತಿದ್ದರು, ಮಣಿಕಟ್ಟು ನೋಡಿಕೊಂಡಿರಲಿಲ್ಲ.

ಮಾವ ಹೊರಗೆ ಬಂದರು. ಬೈಯುತ್ತಾರೆಂದು ಕಾದೆ, ಹೊಡೆಯಲಿ ಎಂದೂ ಕಾದೆ. ಚಪ್ಪಲಿ ಮೆಟ್ಟಿಕೊಂಡು, ಪೆನ್ನು ತಗೋ ಅಂದರು. ಬೀರುವಿನಲ್ಲಿಡಲು ಪ್ರತಿ ಬೇಕಲ್ಲ. ಒಂದೊಂದೇ ಸಾಲು ಪಿಸುಗುಟ್ಟಿದರು, ನಾನು ಬರೆದುಕೊಂಡೆ. ಮೂವತ್ತೊಂದು ಸಾಲು. ಆ ದನಿ ಮಾಡಿದ ಕೊನೆಯ ಕೆಲಸ ನನ್ನ ಕೈಯಲ್ಲಿ ಉಕ್ತಲೇಖನ ಬರೆಸಿದ್ದು. ಅದಕ್ಕೇ ಬೀರುವಿನಲ್ಲಿರುವುದು ನನ್ನ ಅಕ್ಷರ.

ಕಂತು ಬಂತು, ನೀವು ಮೂಗು ಒರೆಸಿಕೊಂಡಿರಿ. ಮೂರು ವಾರ ಬಿಟ್ಟು ಚಾನೆಲ್ಲಿನ ದೊಡ್ಡ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಮಾವನ ಕತ್ತಿಗೆ ಪಟ್ಟಿ ಇತ್ತು, ಕೈಯಲ್ಲಿ ಒಂದು ಸಣ್ಣ ಬರೆಯುವ ಪುಸ್ತಕ. ಸಾಹೇಬರು ನನ್ನ ಬೆನ್ನು ತಟ್ಟಿ, ಎರಡು ವರ್ಷ ಮೊದಲೇ ಸುಳ್ಳು ನೆಟ್ಟು ಕೊನೆಯಲ್ಲಿ ಫಲ ತೆಗೆದೆಯಲ್ಲಯ್ಯ, ಇದೆಲ್ಲ ನಿನ್ನದೇ ತಲೆಯಾ ಎಂದು ಕೇಳಿದರು.

"ಹೌದು ಸಾರ್" ಅಂದೆ.

ಮಾವ ಪಕ್ಕದಲ್ಲೇ ನಿಂತಿದ್ದರು. ಇನ್ನೊಂದು ತಿಂಗಳು ಪಿಸುಮಾತೂ ಆಡಕೂಡದು ಎಂದು ಡಾಕ್ಟರ್ ಹೇಳಿದ್ದರು. ಅದು ನನಗೆ ಗೊತ್ತಿತ್ತು, ಹಾಗಾಗಿಯೇ ಅಷ್ಟು ಸಲೀಸಾಗಿ ಬಂತು ಆ ಹೌದು. ಅವರು ಪುಸ್ತಕ ತೆರೆದು ಏನೋ ಬರೆದರು. ಸಾಹೇಬರಿಗೆ ಎಂದುಕೊಂಡೆ. ನನ್ನ ಕಡೆಗೇ ತಿರುಗಿಸಿ ತೋರಿಸಿದರು. ಹೊರಡೋಣ, ಅಷ್ಟೇ ಬರೆದಿತ್ತು.

ಈಗ ಅವರ ದನಿ ಬಂದಿದೆ, ತೆಳ್ಳಗೆ, ಕಾಗದ ಕೆರೆದಂತೆ. ಮನೆಗೆ ಬಂದರೆ ಅಮ್ಮನ ಜೊತೆ ಮಾತಾಡುತ್ತಾರೆ, ನನ್ನ ಜೊತೆಗೂ ಮಾತಾಡುತ್ತಾರೆ. ಏನಾದರೂ ಹೇಳುವುದಿದೆಯಾ ಎಂದು ಮಾತ್ರ ಮತ್ತೆ ಕೇಳಿಲ್ಲ. ಆ ಭಾಷಣ ನಾನು ಬರೆದದ್ದಲ್ಲ. ಚಪ್ಪಾಳೆ ಹೊಡೆದಿದ್ದರೆ ವಾಪಸ್ ತೆಗೆದುಕೊಳ್ಳಿ. ಇದನ್ನು ಮೊದಲು ಅವರಿಗೆ ಹೇಳಬೇಕಿತ್ತು, ನಿಮಗೆ ಹೇಳುತ್ತಿದ್ದೇನೆ.